ತೋರಿಸುವುದೂ ಬಚ್ಚಿಡುವುದೂ

ನಮ್ಮ ಕಚೇರಿಯಲ್ಲಿ ಯಾರಾದರೂ ಕಡತದಲ್ಲಿ ತಪ್ಪು ಲೆಕ್ಕ ಬರೆದರೆ "ಇವನನ್ನು ಠಾಣೆಗೆ ಕಳಿಸಿ" ಎಂದು ಹಾಸ್ಯ ಮಾಡುವ ರೂಢಿ ಇದೆ. ಕೂಡಲೇ ಇನ್ನೊಬ್ಬರು ನಮ್ಮ ಕಡೆ ತಿರುಗಿ, "ಇವರು ದಿನಾಲೂ ಅಲ್ಲಿಂದಲೇ ಬರುತ್ತಾರಲ್ಲ!" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ನಾವೂ ನಗುತ್ತೇವೆ. ಠಾಣೆಯ ಮನೋರುಗ್ಣಾಲಯಕ್ಕೆ ನೂರು ವರ್ಷ ತುಂಬಿ ಎಷ್ಟೋ ಕಾಲವಾಯಿತು. ಈ ಹಾಸ್ಯಕ್ಕೂ ಬಹುಶಃ ಅಷ್ಟೇ ವಯಸ್ಸಾಗಿರಬೇಕು. ಧಾರವಾಡ ಸೀಮೆಯವರಾದ ನಮಗೆ ಇದು ಹೊಸದೇನೂ ಅಲ್ಲ. ನಮ್ಮ ಕಡೆ ಸಣ್ಣವರಿದ್ದಾಗ ಹಟ ಮಾಡಿದರೆ "ಧಾರವಾಡಕ್ಕ ಕಳಸ್ಬೇಕು ನಿನ್ನ" ಎನ್ನುತ್ತಿದ್ದರು. ಬೆಂಗಳೂರಿನವರು ಇದೇ ಮಾತಿಗೆ ನಿಮ್ಹಾನ್ಸ್‌ನ ಹೆಸರು ಹೇಳುತ್ತಾರೆ. ಊರು ಬೇರೆಯಾದರೂ ನಗೆ ಒಂದೇ.

ಈ ನಗೆಯ ಬಗ್ಗೆ ಎರಡನೆಯ ಸಲ ಯೋಚಿಸುವಂತೆ ನಮ್ಮನ್ನು ಮಾಡಿದವಳು ವರ್ತಕ ನಗರದ ನಮ್ಮ ಕಟ್ಟಡದಲ್ಲೇ ಇರುವ ಒಬ್ಬ ಹುಡುಗಿ. ಅವಳ ತಂದೆತಾಯಿ ವಿಜಯಪುರ ಜಿಲ್ಲೆಯವರು. ಹುಡುಗಿ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಸಮೂಹ ಮಾಧ್ಯಮದ ಪದವಿ ಓದುತ್ತಾಳೆ. ಓದಿನ ಅಂಗವಾಗಿ ಎರಡು ತಿಂಗಳು ಎಲ್ಲಿಯಾದರೂ ಕೆಲಸದ ಅನುಭವ ಪಡೆಯಬೇಕು. ಅವಳ ಪಾಲಿಗೆ ಬಂದದ್ದು ಒಂದು ಕಿರುಚಿತ್ರದ ಕೆಲಸ. ಮನೋವ್ಯಾಧಿಯಿಂದ ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಬಂದು ಹೋಗುವ ಒಂದು ಕೇಂದ್ರ. ಅಲ್ಲಿ ಚಿತ್ರ, ಹಾಡು, ನಾಟಕಗಳ ಮೂಲಕ ಅವರ ಅನುಭವವನ್ನು ಅರಿಯಲು ಸಂಶೋಧನೆ ನಡೆಯುತ್ತದೆ. ಅದರ ಬಗ್ಗೆ ಹದಿನೈದು ನಿಮಿಷದ ಚಿತ್ರ ತೆಗೆಯಬೇಕು.

ಒಂದು ಭಾನುವಾರ ಸಂಜೆ ಅವಳು ಕೈಯಲ್ಲಿ ಒಂದು ಕಾಗದ ಹಿಡಿದು ಬಂದಳು. "ಕಾಕಾ, ನೀವು ಸರಕಾರಿ ಆಫೀಸಿನಾಗ ಇರೋವ್ರು. ಈ ಫಾರ್ಮ್ ಸರಿ ಐತೇನು ನೋಡ್ರಿ" ಎಂದಳು. ಅದು ಚಿತ್ರೀಕರಣಕ್ಕೆ ಒಪ್ಪಿಗೆ ಕೊಡುವ ಪತ್ರ. ನಾವು ಕನ್ನಡಕ ಏರಿಸಿ ನೋಡಿದೆವು. ಹೆಸರು, ವಿಳಾಸ, ತಾರೀಖು, ಸಹಿ, ಇಬ್ಬರು ಸಾಕ್ಷಿಗಳು. ಯಾವ ಲೆಕ್ಕ ತಪಾಸಣೆಯವರೂ ಆಕ್ಷೇಪ ಎತ್ತುವಂತಿರಲಿಲ್ಲ. "ಫಾರ್ಮ್ ಭೇಷ್ ಐತಿ" ಎಂದೆವು. ಹುಡುಗಿ ಎದ್ದು ಹೋಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಫಾರ್ಮ್ ಸರಿ ಐತಿ ಅಂದ್ರ, ನಾ ಮಾಡೋದೂ ಸರಿ ಐತೇನ್ರಿ ಕಾಕಾ?" ಎಂದು ಕೇಳಿದಳು.

ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿದ್ದು.

ನಡೆದದ್ದು ಇಷ್ಟು. ಕೇಂದ್ರಕ್ಕೆ ಬರುವವರಲ್ಲಿ ಐವತ್ತರ ಆಸುಪಾಸಿನ ಒಬ್ಬರಿದ್ದಾರೆ. ಹಿಂದೆ ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದವರು; ಇಪ್ಪತ್ತು ವರ್ಷಗಳಿಂದ ಮದ್ದು ತೆಗೆದುಕೊಳ್ಳುತ್ತಿದ್ದಾರೆ. ಅಲ್ಲಿ ಒಂದು ಪದ್ಧತಿ ಇದೆ. ಆಳುದ್ದದ ಕಾಗದದ ಮೇಲೆ ಮಲಗಿ ತಮ್ಮ ಮೈಯ ಗೆರೆಯನ್ನು ಬರೆಸಿಕೊಂಡು, ಆಮೇಲೆ ಅದರೊಳಗೆ ತಮಗೆ ತೋಚಿದ್ದನ್ನು ತಾವೇ ತುಂಬುವುದು. ಆ ಗೃಹಸ್ಥರು ತಲೆಯ ಜಾಗದಲ್ಲಿ ಒಂದು ರೇಡಿಯೊ ಬರೆದರು. ರೇಡಿಯೊಗೆ ಗುಂಡಿ ಇರಲಿಲ್ಲ. ಡಾಕ್ಟರು ಇಪ್ಪತ್ತು ವರ್ಷ "ದನಿ ಕೇಳಿಸುತ್ತದೆಯೆ?" ಎಂದು ಕೇಳಿದ್ದರು, ಇವರು "ಹೌದು" ಅಥವಾ "ಕಡಿಮೆ" ಎಂದಿದ್ದರು. ದನಿಗಿಂತ ಹೆಚ್ಚಾಗಿ ಅದನ್ನು ನಿಲ್ಲಿಸುವ ಗುಂಡಿ ತಮ್ಮ ಕೈಯಲ್ಲಿ ಇಲ್ಲ ಎಂಬುದೇ ಭಯ, ಎಂದು ಅವರು ಹೇಳಿದ್ದು ಚಿತ್ರ ಬರೆದ ಮೇಲೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಕ್ಯಾಮೆರಾ ನಡೆಯುತ್ತಿತ್ತು.

ಮಾರ್ಗದರ್ಶಕರು ನೋಡಿ, ಈ ಅಳುವೇ ಚಿತ್ರದ ಜೀವಾಳ ಎಂದರು. ಆ ಗೃಹಸ್ಥರು ಸಹಿ ಮಾಡಿಯಾಗಿತ್ತು. ಆದರೆ ಮರುವಾರ ಅವರ ತಂಗಿ ಕೇಂದ್ರಕ್ಕೆ ಬಂದಳು. ಅಣ್ಣನನ್ನು ಇಷ್ಟು ವರ್ಷ ಸಾಕಿದವಳು ಅವಳೇ. "ನನ್ನ ಮಗಳಿಗೆ ಗಂಡು ನೋಡುತ್ತಿದ್ದೇವೆ. ಇವನ ಮುಖ ಊರಿನವರ ಫೋನಿನಲ್ಲಿ ಬಂದರೆ ಎಲ್ಲ ಮುಗಿಯಿತು" ಎಂದು ಕೈಮುಗಿದಳು. ಹಾಗಾದರೆ ಮುಖವನ್ನು ಮಸುಕು ಮಾಡೋಣ ಎಂದು ಹುಡುಗಿ ಹೇಳಿದಾಗ ಆ ಗೃಹಸ್ಥರೇ ಸಿಟ್ಟಾದರು. "ನಾನೇನು ಕಳ್ಳನೇ? ನನ್ನ ಮುಖಕ್ಕೆ ಏನಾಗಿದೆ?"

ವಾಚಕರೇ, ಇಲ್ಲಿ ಯಾರ ಮಾತು ನಡೆಯಬೇಕು?

ಮೊದಲು ಒಂದು ಮಾತು. ಇಂಥ ಸಂಶೋಧನೆ ಬರಿಯ ಹೊತ್ತುಕಳೆಯುವ ಆಟ ಎಂದು ಯಾರೂ ತಿಳಿಯಬಾರದು. ಪ್ರಶ್ನಾವಳಿಯಲ್ಲಿ ಹೌದು, ಅಲ್ಲ ಎಂಬ ಎರಡೇ ಚೌಕಗಳಿರುತ್ತವೆ. ದುಃಖಕ್ಕೆ ಅಷ್ಟು ಸಣ್ಣ ಚೌಕದಲ್ಲಿ ಕೂಡಲು ಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಒಂದು ವರದಿ ಕಲೆ ಮತ್ತು ಆರೋಗ್ಯದ ಸಂಬಂಧ ಕುರಿತ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಗಮನಕ್ಕೆ ತೆಗೆದುಕೊಂಡಿತ್ತು. ಹಾಡು, ಚಿತ್ರ, ನಾಟಕ ಮದ್ದಿನ ಜಾಗಕ್ಕೆ ಬರಲಾರವು. ಮದ್ದಿನ ಜೊತೆಗೆ ನಿಲ್ಲಬಲ್ಲವು. ಬ್ರೆಜಿಲ್ ದೇಶದಲ್ಲಿ ನೀಸೆ ದ ಸಿಲ್ವೇರಾ ಎಂಬ ವೈದ್ಯೆ ವಿದ್ಯುತ್ ಆಘಾತದ ಚಿಕಿತ್ಸೆ ಕೊಡಲು ಒಪ್ಪದೆ ರೋಗಿಗಳ ಕೈಗೆ ಬಣ್ಣ, ಮಣ್ಣು ಕೊಟ್ಟರು. ಅವರು ಬರೆದ ಚಿತ್ರಗಳಿಗಾಗಿಯೇ 1952ರಲ್ಲಿ ರಿಯೊ ನಗರದಲ್ಲಿ ವಸ್ತುಸಂಗ್ರಹಾಲಯ ತೆರೆದರು. ನಮ್ಮ ಠಾಣೆಯಲ್ಲೇ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಂಸ್ಥೆ ಇಂಥ ವಿಷಯಗಳನ್ನು ಮನೆಮಾತಾಗಿಸಲು ದುಡಿದಿದೆ. ಕನ್ನಡದಲ್ಲಂತೂ 'ಕೊರವಂಜಿ'ಯ ರಾ.ಶಿ. ಯವರು ಮನಸ್ಸಿನ ವಿಷಯ ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗಿಸುವುದನ್ನು ಬಲ್ಲ ವೈದ್ಯರು ಯಾವುದಕ್ಕೆ ನಗಬಾರದು ಎಂಬುದನ್ನೂ ಬಲ್ಲವರಾಗಿದ್ದರು.

ಆದ್ದರಿಂದ ಕಲೆಯ ಬಗ್ಗೆ ನಮಗೆ ಅನುಮಾನವಿಲ್ಲ. ಅನುಮಾನವಿರುವುದು ನೋಡುವವರ ಬಗ್ಗೆ.

ಇದಕ್ಕೆ ಚರಿತ್ರೆಯಲ್ಲಿ ಒಂದು ಭಯಂಕರ ಉದಾಹರಣೆ ಇದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹಾನ್ಸ್ ಪ್ರಿನ್ಸ್‌ಹಾರ್ನ್ ಎಂಬ ವೈದ್ಯರು ಮನೋರೋಗಿಗಳ ಸಾವಿರಾರು ಚಿತ್ರಗಳನ್ನು ಕೂಡಿಹಾಕಿ, 1922ರಲ್ಲಿ ಅವುಗಳ ಬಗ್ಗೆ ಗೌರವದಿಂದ ಗ್ರಂಥ ಬರೆದರು. ಮುಂದೆ ನಾಜಿಗಳು ಅಧಿಕಾರಕ್ಕೆ ಬಂದರು. ಹೊಸ ಕಲಾವಿದರನ್ನು ಅವಹೇಳನ ಮಾಡಲು 1937ರಲ್ಲಿ ಮ್ಯೂನಿಕ್‌ನಲ್ಲಿ ಆರಂಭಿಸಿದ ಪ್ರದರ್ಶನ ಊರೂರು ಸುತ್ತಿದಾಗ ಈ ಸಂಗ್ರಹದ ಕೆಲವು ಚಿತ್ರಗಳನ್ನೂ ತೂಗುಹಾಕಿದರು. ಇವರಿಗೂ ಅವರಿಗೂ ಏನು ವ್ಯತ್ಯಾಸ ನೋಡಿ ಎಂದು ಜನರನ್ನು ನಗಿಸಿದರು. ಆ ಚಿತ್ರ ಬರೆದವರಲ್ಲಿ ಕೆಲವರನ್ನು ಅದೇ ಸರಕಾರ ಕೊಂದೂ ಹಾಕಿತು. ಚಿತ್ರ ಅದೇ, ಗೆರೆ ಅದೇ. ಒಬ್ಬರು ಅರಿಯಲು ತೋರಿಸಿದರು, ಇನ್ನೊಬ್ಬರು ಅಣಕಿಸಲು. ಬರೆದವನನ್ನು ಮಾತ್ರ ಯಾರೂ ಕೇಳಲಿಲ್ಲ.

ಹಾಗಾದರೆ ತೋರಿಸುವುದೇ ಬೇಡವೆ? ಅದೂ ಸುಲಭವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಬ್ರಿಜ್‌ವಾಟರ್ ಎಂಬಲ್ಲಿ ಅಪರಾಧದ ಆರೋಪ ಹೊತ್ತ ಮನೋರೋಗಿಗಳ ಆಸ್ಪತ್ರೆ ಇತ್ತು. ಫ್ರೆಡರಿಕ್ ವೈಸ್‌ಮನ್ ಎಂಬವರು ಅಲ್ಲಿ ತೆಗೆದ 'ಟಿಟಿಕಟ್ ಫಾಲೀಸ್' ಎಂಬ ಸಾಕ್ಷ್ಯಚಿತ್ರ 1967ರಲ್ಲಿ ಹೊರಬಂತು. ಕಾವಲುಗಾರರು ಬತ್ತಲೆ ನಿಲ್ಲಿಸಿದ ರೋಗಿಯನ್ನು ಕೆಣಕುವ ದೃಶ್ಯಗಳು ಅದರಲ್ಲಿದ್ದವು. ರೋಗಿಗಳ ಮಾನ ಹೋಗುತ್ತದೆ ಎಂದು ರಾಜ್ಯ ಸರಕಾರ ಕೋರ್ಟಿಗೆ ಹೋಯಿತು. ಸರಕಾರ ತನ್ನ ಮಾನ ಮುಚ್ಚಿಕೊಳ್ಳಲು ರೋಗಿಗಳ ಮಾನದ ಹೆಸರು ಹೇಳುತ್ತಿದೆ ಎಂದು ಚಿತ್ರದವರು ವಾದಿಸಿದರು. 1968ರಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. 1969ರಲ್ಲಿ ವೈದ್ಯರು, ವಕೀಲರು ಮುಂತಾದ ವೃತ್ತಿಯವರು ಮಾತ್ರ ನೋಡಬಹುದೆಂದಾಯಿತು. ಸಾಮಾನ್ಯ ಜನ ನೋಡಲು ಅಪ್ಪಣೆ ಸಿಕ್ಕಿದ್ದು 1991ರಲ್ಲಿ. ನಮಗೆ ಇದರಲ್ಲಿ ಎದ್ದು ಕಾಣುವುದು ಒಂದೇ. ಎರಡೂ ಪಕ್ಷದವರು ರೋಗಿಗಳ ಪರವಾಗಿಯೇ ಮಾತಾಡಿದರು, ಮತ್ತು ಎರಡೂ ಮಾತಿನಲ್ಲಿ ನಿಜವಿತ್ತು. ಬಚ್ಚಿಟ್ಟ ಕಡೆ ಏನು ನಡೆಯುತ್ತದೆ ಎಂಬುದಕ್ಕೆ ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು.

ಕಾನೂನು ಏನನ್ನುತ್ತದೆ? ನಮ್ಮ ದೇಶದಲ್ಲಿ 1912ರ ಕಾಯಿದೆಗೆ ಹುಚ್ಚಿನ ಹೆಸರೇ ಇತ್ತು. 1987ರಲ್ಲಿ ಆ ಹೆಸರು ಹೋಗಿ ಮಾನಸಿಕ ಆರೋಗ್ಯ ಕಾಯಿದೆ ಬಂತು. ಈಗಿರುವುದು 2017ರ ಕಾಯಿದೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಅದರ 24ನೆಯ ಕಲಮಿನ ಪ್ರಕಾರ, ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋವನ್ನಾಗಲಿ ಬೇರೆ ಮಾಹಿತಿಯನ್ನಾಗಲಿ ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡಕೂಡದು. ಇನ್ನೊಂದು ಮಾತನ್ನೂ ಆ ಕಾಯಿದೆ ಹೇಳುತ್ತದೆ. ಚಿಕಿತ್ಸೆಯ ವಿಷಯದಲ್ಲಿ ಅವರು ಮಾಡಿದ ತೀರ್ಮಾನ ಉಳಿದವರಿಗೆ ತಪ್ಪಾಗಿ ಕಂಡಮಾತ್ರಕ್ಕೆ ಅವರಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲವೆಂದು ತಿಳಿಯಬಾರದು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಒಪ್ಪಿಗೆ ಅಣ್ಣನದೇ. ತಂಗಿಯದೂ ಅಲ್ಲ, ಮಾರ್ಗದರ್ಶಕರದೂ ಅಲ್ಲ.

ಆದರೆ ಗುಮಾಸ್ತರಾದ ನಮಗೆ ಸಹಿಯ ಬೆಲೆ ಗೊತ್ತು. ಅದು ಎಷ್ಟು ಅಗ್ಗವೆಂಬುದೂ ಗೊತ್ತು. ಎಷ್ಟು ಜನ ನಮ್ಮ ಮೇಜಿನ ಮುಂದೆ ನಿಂತು "ಎಲ್ಲಿ ಸಹಿ ಮಾಡ್ಲಿ?" ಎಂದು ಮಾತ್ರ ಕೇಳಿದ್ದಾರೆ! ಏನಕ್ಕೆ ಎಂದು ಕೇಳಿದವರು ವಿರಳ. ನವೆಂಬರ್ ತಿಂಗಳಲ್ಲಿ ಪಿಂಚಣಿದಾರರು ತಾವು ಜೀವಂತ ಇದ್ದೇವೆ ಎಂಬುದಕ್ಕೂ ಕಾಗದದ ಸಾಕ್ಷಿ ಕೊಡುತ್ತಾರೆ. ಹೇಗಿದ್ದೇವೆ ಎಂದು ಆ ಕಾಗದ ಹೇಳುವುದಿಲ್ಲ. ಕೇಂದ್ರದವರು ದಿನಾ ಚಹಾ ಕೊಡುತ್ತಾರೆ, ಪ್ರೀತಿಯಿಂದ ಮಾತಾಡಿಸುತ್ತಾರೆ. ಅಂಥವರು ಕಾಗದ ಮುಂದಿಟ್ಟರೆ ಬೇಡ ಎನ್ನಲು ಎಷ್ಟು ಜನಕ್ಕೆ ಬಾಯಿ ಬಂದೀತು? ಬೇಡ ಎಂದರೂ ಚಹಾ ಸಿಗುತ್ತದೆ ಎಂದು ನಂಬಿಕೆ ಇದ್ದಾಗ ಮಾತ್ರ ಹೂಂ ಎಂಬುದಕ್ಕೆ ಅರ್ಥ.

ಬಿ.ಎಸ್ಸಿ. ಓದುವಾಗ ಕಲಿತ ಒಂದು ಸಣ್ಣ ಸಂಗತಿಯೂ ನೆನಪಾಗುತ್ತದೆ. ಪ್ರನಾಳದಲ್ಲಿರುವ ಸ್ವಲ್ಪವೇ ಬಿಸಿನೀರಿಗೆ ಉಷ್ಣಮಾಪಕ ಅದ್ದಿದರೆ, ಮಾಪಕವೇ ಕೊಂಚ ಶಾಖ ಹೀರಿಕೊಂಡು ನೀರನ್ನು ತಣ್ಣಗೆ ಮಾಡುತ್ತದೆ. ಹಂಡೆಯ ನೀರಿಗೆ ಅದು ಲೆಕ್ಕಕ್ಕಿಲ್ಲ. ಕ್ಯಾಮೆರಾವೂ ಹಾಗೆಯೇ. ದೊಡ್ಡ ನಟನ ಎದುರು ಇಟ್ಟರೆ ಅವನಿಗೇನೂ ಆಗದು. ಎಲ್ಲ ಕಳೆದುಕೊಂಡು ಒಂದಿಷ್ಟು ಬೆಚ್ಚಗಿನ ಮಾನ ಮಾತ್ರ ಉಳಿಸಿಕೊಂಡವನ ಎದುರು ಇಟ್ಟರೆ ಅದನ್ನೇ ಹೀರಿಬಿಡಬಹುದು. ಹುಡುಗಿಗೆ ಅಂಕ ಬರುತ್ತವೆ, ಸಂಶೋಧಕರಿಗೆ ವರದಿ ಆಗುತ್ತದೆ, ನೋಡಿದವರಿಗೆ ಕಣ್ಣು ತುಂಬಿ ಮನಸ್ಸು ಹಗುರವಾಗುತ್ತದೆ. ಅತ್ತವನಿಗೆ ಏನು ಬಂತು?

ಇಲ್ಲಿಗೆ ಬಂದಾಗ ನಮಗೆ ಹುಡುಗಿಗೆ ಉತ್ತರ ಹೇಳುವುದು ಸುಲಭವೆನಿಸಿತ್ತು. "ಮುಖ ತೋರಿಸ್ಬ್ಯಾಡವ್ವ, ತಂಗಿ ಹೇಳೋದು ಖರೆ ಐತಿ" ಎಂದುಬಿಟ್ಟೆವು. ಅವಳು ಹೋದ ಮೇಲೆ ನಿದ್ದೆ ಬರಲಿಲ್ಲ. ಏಕೆಂದರೆ ಆ ಮಾತನ್ನು ನಾವು ಮೊದಲೇ ಒಂದು ಸಲ ಕೇಳಿದ್ದೆವು.

ನಮ್ಮ ತಂದೆಯ ಕಿರಿಯ ತಮ್ಮ, ನಮ್ಮ ಸಣ್ಣ ಕಾಕಾ, ಮನಸ್ಸಿನ ಸ್ಥಿಮಿತ ಕಳೆದುಕೊಂಡವರಾಗಿದ್ದರು. ಯಾರಿಗೂ ಕೈ ಎತ್ತಿದವರಲ್ಲ. ಹಿತ್ತಲ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಎತ್ತು, ಬಂಡಿ, ಜಾತ್ರೆಯ ತೇರು ಬರೆಯುತ್ತಿದ್ದರು. ತೇರಿನ ಗಾಲಿ ಎಷ್ಟು ಸರಿಯಾಗಿ ಬರೆಯುತ್ತಿದ್ದರೆಂದರೆ ಅರಗಳನ್ನು ಎಣಿಸಬಹುದಿತ್ತು. ನಮ್ಮ ಅಕ್ಕನನ್ನು ನೋಡಲು ಬೀಗರು ಬಂದ ದಿನ ಅವರನ್ನು ಆ ಕೋಣೆಯಲ್ಲಿಟ್ಟು ಹೊರಗಿನಿಂದ ಅಗಳಿ ಹಾಕಿದರು. ಅಗಳಿ ಹಾಕಲು ಹೇಳಿದವರು ಹಿರಿಯರು. ಹಾಕಿದವರು ಹತ್ತು ವರ್ಷದ ನಾವು. ಒಳಗಿನಿಂದ ಅವರು ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. "ಹೋದ್ರೇನೋ?" ಎಂದು ಒಂದೇ ಸಲ ಮೆಲ್ಲಗೆ ಕೇಳಿದರು. ಮದುವೆ ನಿಶ್ಚಯವಾಯಿತು. ಮದುವೆಯ ಗುಂಪು ಫೋಟೋದಲ್ಲಿ ಮನೆಯವರೆಲ್ಲ ಇದ್ದೇವೆ, ಅವರಿಲ್ಲ. ಅವರು ತೀರಿಕೊಂಡ ವರ್ಷವೇ ಗೋಡೆಗೆ ಸುಣ್ಣ ಹೊಡೆಸಿದರು. ಈಗ ಅವರ ಮುಖ ಹೇಗಿತ್ತೆಂದು ಮಕ್ಕಳಿಗೆ ತೋರಿಸಲು ನಮ್ಮಲ್ಲಿ ಒಂದು ಚಿತ್ರವೂ ಇಲ್ಲ. ಎಲ್ಲವನ್ನೂ ಮಾಡಿದ್ದು ಅವರ ಒಳ್ಳೆಯದಕ್ಕೇ, ಮನೆಯ ಮಾನಕ್ಕೇ. ಅವರನ್ನೂ ಯಾರೂ ಕೇಳಲಿಲ್ಲ.

ಹಾಗೆಂದು ನಮ್ಮ ಹಿರಿಯರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಆ ತಂಗಿಯನ್ನಂತೂ ಅಲ್ಲವೇ ಅಲ್ಲ. ಇಪ್ಪತ್ತು ವರ್ಷ ಗುಳಿಗೆ ತಂದು, ಊಟ ಹಾಕಿ, ರಾತ್ರಿ ಎದ್ದು ಕೂತವಳು ಅವಳು. ಹದಿನೈದು ನಿಮಿಷದ ಚಿತ್ರ ತೆಗೆದವರಾಗಲಿ ಎರಡು ಪುಟದ ಲೇಖನ ಬರೆದವರಾಗಲಿ ಅವಳಿಗೆ ನೀತಿ ಹೇಳಲು ಬಾರದು. ಅವಳ ಭಯ ಸುಳ್ಳೂ ಅಲ್ಲ. ಆ ಭಯಕ್ಕೆ ಕಾರಣ ಅವಳಲ್ಲ, ನಾವು. ಗಂಡಿನ ಕಡೆಯವರಾಗಿ ಹೋದಾಗ "ಮನೆಯಲ್ಲಿ ಯಾರಿಗಾದರೂ ಅಂಥದ್ದು ಇದೆಯೇ?" ಎಂದು ಪಿಸುಮಾತಿನಲ್ಲಿ ವಿಚಾರಿಸುವವರು ನಾವೇ. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು 'ಶರಪಂಜರ'ವಾಗಿ ತೆರೆಗೆ ತಂದಾಗ ಕೇಳಿದ್ದೂ ಇದನ್ನೇ. ಕಾವೇರಿಯ ಕಾಯಿಲೆಯನ್ನು ಆಸ್ಪತ್ರೆ ವಾಸಿ ಮಾಡಿತು. ವಾಸಿಯಾಗಿ ಬಂದವಳನ್ನು ಮನೆ ಮತ್ತೆ ಕಾಯಿಲೆಗೆ ನೂಕಿತು. ಇಷ್ಟಾದರೂ ಆ ಚಿತ್ರದಿಂದ ನಾವು ನೆನಪಿಟ್ಟುಕೊಂಡದ್ದು ಕಲ್ಪನಾ ಅವರ ಕೆದರಿದ ಕೂದಲು, ನಗು. ನಮ್ಮನ್ನು ಕುರಿತ ಆರೋಪವನ್ನು ಜಾಣತನದಿಂದ ಮರೆತೆವು.

ತೋರಿಸಿದರೆ ತಪ್ಪು, ಬಚ್ಚಿಟ್ಟರೆ ತಪ್ಪು ಎಂದಾದರೆ ದಾರಿ ಯಾವುದು? ನಮಗೆ ಹೊಳೆದದ್ದು ಇಷ್ಟೇ. ತಪ್ಪು ತೋರಿಸುವುದರಲ್ಲೂ ಇಲ್ಲ, ಬಚ್ಚಿಡುವುದರಲ್ಲೂ ಇಲ್ಲ. ಅವನನ್ನು ಬಿಟ್ಟು ಅವನ ವಿಷಯ ತೀರ್ಮಾನ ಮಾಡುವುದರಲ್ಲಿದೆ. ನಮ್ಮ ಕಾಕಾನನ್ನು ಒಂದು ಮಾತು ಕೇಳಿದ್ದರೆ "ಬೀಗರು ಬರ್ತಾರಂದ್ರ ನಾ ಹೊಲಕ್ಕ ಹೋಗಿರ್ತೀನಿ" ಎಂದು ಅವರೇ ಹೇಳುತ್ತಿದ್ದರೇನೋ! ಹೊಲಕ್ಕೆ ಹೋಗುವುದೂ ಕೋಣೆಯಲ್ಲಿ ಅಗಳಿ ಹಾಕಿಸಿಕೊಳ್ಳುವುದೂ ಹೊರಗಿನವರಿಗೆ ಒಂದೇ. ಹೋಗುವವನಿಗೆ ಒಂದೇ ಅಲ್ಲ. ತ್ಯಾಗ ಮಾಡುವ ಹಕ್ಕೂ ಹಕ್ಕೇ. ಅದನ್ನು ನಾವು ಅವನ ಕೈಯಿಂದ ಕಸಿದು ಮಾಡಿಸಿದರೆ ತ್ಯಾಗವಾಗದು.

ಮರುದಿನವೇ ಹುಡುಗಿಯನ್ನು ಕರೆದು, ನಿನ್ನೆ ಹೇಳಿದ್ದನ್ನು ಹಿಂದೆ ತೆಗೆದುಕೊಂಡೆವು. ಒಪ್ಪಿಗೆಯನ್ನು ಒಂದು ಸಲವಲ್ಲ, ಮೂರು ಸಲ ಕೇಳು ಎಂದೆವು: ತೆಗೆಯುವ ಮೊದಲು, ತೆಗೆದ ಮೇಲೆ, ಜೋಡಿಸಿ ತೋರಿಸಿದ ಮೇಲೆ. ಯಾರಿಗೆ, ಎಲ್ಲಿ ತೋರಿಸುತ್ತೀ ಎಂಬುದನ್ನೂ ಹೇಳಿ ಕೇಳು. ಅವಳು ನಮಗಿಂತ ಒಂದು ಹೆಜ್ಜೆ ಮುಂದೆ ಹೋದಳು. 1990ರ ದಶಕದಲ್ಲಿ ಚೀನಾ ದೇಶದ ಯುನ್ನಾನ್ ಪ್ರಾಂತದ ಹಳ್ಳಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟು, ನಿಮ್ಮ ಬದುಕನ್ನು ನೀವೇ ತೋರಿಸಿ ಎಂದ ಸಂಶೋಧನೆಯೊಂದನ್ನು ಅವಳು ಓದಿದ್ದಳು. ಅದರಂತೆ ತನ್ನ ಕ್ಯಾಮೆರಾವನ್ನು ಆ ಗೃಹಸ್ಥರ ಕೈಗೆ ಕೊಟ್ಟಳು. ಆಮೇಲೆ ಅಣ್ಣ ತಂಗಿ ಇಬ್ಬರನ್ನೂ ಕೂಡಿಸಿ ಚಿತ್ರ ತೋರಿಸಿದಳು.

ಅವರು ಪೂರ್ತಿ ನೋಡಿ, "ಅಳುವುದು ಬೇಡ, ರೇಡಿಯೊ ಇರಲಿ" ಎಂದರು. ಮುಖ ಇರಲಿ, ಹೆಸರು ಬೇಡ. ಕೇಂದ್ರದಲ್ಲಿ, ಕಾಲೇಜಿನಲ್ಲಿ ತೋರಿಸಿ. ಫೋನಿನಲ್ಲಿ ಹಾಕಬೇಡಿ, ಸೊಸೆಯ ಮದುವೆ ಆಗಲಿ. ತಂಗಿಯ ಮಗಳಿಗಾಗಿ ಆ ಮಾತನ್ನು ಹೇಳಿದವರು ಅವರೇ, ಯಾರೂ ಹೇಳಿಸಲಿಲ್ಲ. ಚಿತ್ರದ ಕೊನೆಯ ಎರಡು ನಿಮಿಷ ಅವರು ಹಿಡಿದದ್ದು. ಅಡಿಗೆಮನೆಯಲ್ಲಿ ತಂಗಿ ಭಾಕರಿ ತಟ್ಟುವ ಕೈಗಳು, ಬೇರೇನಿಲ್ಲ. ಕೈ ಸ್ವಲ್ಪ ನಡುಗಿದ್ದರಿಂದ ದೃಶ್ಯವೂ ನಡುಗುತ್ತದೆ. ಪ್ರದರ್ಶನದ ದಿನ ಆ ತಂಗಿ ಕೊನೆಯ ಸಾಲಿನಲ್ಲಿ ಕೂತಿದ್ದಳಂತೆ. ಚಿತ್ರದಲ್ಲಿ ಉದ್ವೇಗ ಸಾಲದೆಂದು ಹುಡುಗಿಗೆ ಅಂಕ ಕಡಿಮೆ ಬಂದವು. "ಬರ್ಲಿ ಬಿಡ್ರಿ ಕಾಕಾ" ಎಂದಳು. ಆದರೂ ಮುಖ ಸಣ್ಣದಾಗಿತ್ತು. ಸರಿಯಾದದ್ದನ್ನು ಮಾಡಿದವರಿಗೆ ಬಹುಮಾನ ಸಿಗುತ್ತದೆಂದು ನಾವು ಅವಳಿಗೆ ಸುಳ್ಳು ಹೇಳಲಿಲ್ಲ.

ಇದೆಲ್ಲ ಸಂಘದ ಪತ್ರಿಕೆಗೆ ಏಕೆ ಎಂದು ಕೇಳಬಹುದು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ; ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ. ಅಂದಮೇಲೆ ನಮ್ಮ ಸಂಘದ ಸಭೆಯಲ್ಲಿ ನೂರು ಜನ ಕೂತರೆ ಹತ್ತು ಮಂದಿ ಅಲ್ಲೇ ಇದ್ದಾರೆ, ಅಥವಾ ಅವರನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇವೆ. ಊರು ಬಿಟ್ಟು ಬಂದ ನಮಗೆ ಹಿತ್ತಲಿಲ್ಲ, ಹೊಲವಿಲ್ಲ. ಎರಡು ಕೋಣೆಯ ಮನೆಯಲ್ಲಿ ಒಬ್ಬರನ್ನು ಬಚ್ಚಿಡಬೇಕಾದರೆ ಮನೆಗೆ ಯಾರೂ ಬರದಂತೆಯೇ ಮಾಡಬೇಕಾಗುತ್ತದೆ. ಸಂಘಕ್ಕೆ ಬರುವುದನ್ನು ನಿಲ್ಲಿಸಿದ ಕುಟುಂಬಗಳು ಏಕೆ ನಿಲ್ಲಿಸಿದವು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೆ? ಸರಕಾರದ 'ಟೆಲಿ ಮಾನಸ್' ಸೇವೆ 2022ರ ಅಕ್ಟೋಬರ್‌ನಲ್ಲಿ ಆರಂಭವಾಗಿದೆ. 14416ಕ್ಕೆ ಫೋನ್ ಮಾಡಿದರೆ ಹಣವಿಲ್ಲದೆ ಸಲಹೆ ಸಿಗುತ್ತದೆ. ಅದನ್ನು ಹೇಳಲಿಕ್ಕಾದರೂ ಅವರ ಮನೆಯ ಬಾಗಿಲು ತಟ್ಟಬಹುದು.

ಇನ್ನೊಂದು. ರಾಜ್ಯೋತ್ಸವದ ಛದ್ಮವೇಷ ಸ್ಪರ್ಧೆಯಲ್ಲಿ ಹರಿದ ಅಂಗಿ ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡು ಹುಚ್ಚನ ವೇಷದಲ್ಲಿ ಬಂದ ಹುಡುಗನಿಗೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ಒಂದು ವರ್ಷ ಮೊದಲ ಬಹುಮಾನವನ್ನೂ ಕೊಟ್ಟೆವು. ತೀರ್ಪುಗಾರರ ಕುರ್ಚಿಯಲ್ಲಿ ಕೂತ ಮೂವರಲ್ಲಿ ನಾವೂ ಒಬ್ಬರಾಗಿದ್ದೆವು. ಮಗುವಿನದು ತಪ್ಪಲ್ಲ, ಅದು ನಮ್ಮ ನಗುವನ್ನು ನೋಡಿ ಕಲಿತದ್ದು.

ಹೋದ ತಿಂಗಳು ಕಚೇರಿಯಲ್ಲಿ ಮತ್ತೆ ಅದೇ ಮಾತು ಬಂತು, "ಇವನನ್ನು ಠಾಣೆಗೆ ಕಳಿಸಿ." ರೂಢಿಯಂತೆ ಎಲ್ಲರೂ ನಮ್ಮ ಕಡೆ ತಿರುಗಿದರು. ಭಾಷಣ ಮಾಡುವ ಧೈರ್ಯ ನಮಗಿಲ್ಲ, ಮಾಡಲೂ ಇಲ್ಲ. ಆದರೆ ನಗಲಿಲ್ಲ. "ಯಾಕೆ, ಏನಾಯಿತು?" ಎಂದು ಪಕ್ಕದ ಮೇಜಿನವರು ಕೇಳಿದರು. ನಮಗೊಬ್ಬ ಸಣ್ಣ ಕಾಕಾ ಇದ್ದರು ಎಂದು ಅವರಿಗೆ ಹೇಳಲು ಆರಂಭಿಸಿದೆವು.